ಹದಿನಾರರ ಮೇಲೆ ಹೂಡಿದ ಖಟ್ಲೆ



ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹದಿಹರೆಯದವರು ಕಣ್ಣಿಗೆ ಬೀಳದ ಹಾಗೆ ನೂರು ಹೆಜ್ಜೆ ನಡೆಯಲಿಕ್ಕಾಗದು. 1947ರಲ್ಲಿ ಶುರುವಾದ ಬಿ.ವಿ.ಬಿ. ಕಾಲೇಜು, ಜಾಬಿನ್ ವಿಜ್ಞಾನ ಕಾಲೇಜು, 1957ರಲ್ಲಿ ಕೆ.ಎಂ.ಸಿ. ಆಗಿ ಹುಟ್ಟಿ ಮುಂದೆ ಕಿಮ್ಸ್ ಎಂದು ಎಲ್ಲರ ಬಾಯಿಗೆ ಬಂದ ಮೆಡಿಕಲ್ ಕಾಲೇಜು, ಅವುಗಳ ಸುತ್ತ ಬೆಳೆದ ಪಿಯು ಕಾಲೇಜುಗಳು, ಟ್ಯೂಷನ್ ಕ್ಲಾಸುಗಳು, ಹಾಸ್ಟೆಲ್ಲುಗಳು, ಖಾನಾವಳಿಗಳು. ಸಂಜೆ ಹೊತ್ತು ಚಿಗರಿ ಬಸ್ಸಿನ ನಿಲ್ದಾಣದ ತುಂಬ ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರೇ. ಅದೇ ನಿಲ್ದಾಣದಲ್ಲಿ, ಪಾರ್ಕಿನ ಬೆಂಚಿನ ಮೇಲೆ, ಚಹಾದಂಗಡಿಯ ಮುಂದೆ, ಮದುವೆಯ ಪಂಕ್ತಿಯಲ್ಲಿ ಅವರ ಬಗ್ಗೆ ಹಿರಿಯರು ಆಡುವ ಮಾತನ್ನೂ ನಾನು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. "ಈಗಿನ ಹುಡುಗ್ರು ಅಗದಿ ಹದಗೆಟ್ಟಾವ ನೋಡ್ರಿ. ಸಣ್ಣೋರು ದೊಡ್ಡೋರು ಅನ್ನೂ ಖಬರ ಇಲ್ಲ. ಹೊತ್ತು ಏರೂತನಕ ಮಲಗತಾವ. ಮೊಬೈಲ್ ಬಿಟ್ಟು ತಲಿ ಎತ್ತೂದಿಲ್ಲ. ಹೇಳಿದ್ದು ಕೇಳೂದಿಲ್ಲ." ಇಷ್ಟು ಹೇಳಿ, ಎದುರಿನವರು ಹೌದೆಂದು ತಲೆ ಆಡಿಸಿದರೆ, ಖಟ್ಲೆ ಮುಗಿಯಿತು. ಆರೋಪಿಯ ಹೇಳಿಕೆಯನ್ನು ಯಾರೂ ಕೇಳುವುದಿಲ್ಲ.

ಪಿಯು ತರಗತಿಗಳಿಗೆ ಪಾಠ ಹೇಳಿ ನಿವೃತ್ತಳಾದವಳು ನಾನು. ಹದಿನಾರು, ಹದಿನೇಳು ವರ್ಷದ ಮುಖಗಳ ಮುಂದೆ ನಿಂತೇ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಇವತ್ತು ಆ ಮಕ್ಕಳ ಪರವಾಗಿ ನಾಲ್ಕು ಮಾತು ಹೇಳಲು ಬಂದಿದ್ದೇನೆ. ಅವರು ತಪ್ಪೇ ಮಾಡುವುದಿಲ್ಲ ಎಂದು ವಾದಿಸಲು ಬಂದಿಲ್ಲ. ಅವರ ಮೇಲೆ ನಾವು ಹೊರಿಸುವ ಆರೋಪದಲ್ಲಿ ಬಹಳಷ್ಟು ನಮ್ಮದೇ ಲೆಕ್ಕಕ್ಕೆ ಬರಬೇಕಾದದ್ದು ಎಂಬುದು ನನ್ನ ಮಾತು.

ನಿದ್ದೆಯ ಆರೋಪವನ್ನೇ ಮೊದಲು ತೆಗೆದುಕೊಳ್ಳೋಣ. ಹರೆಯ ಬರುತ್ತಿದ್ದಂತೆ ಮೈಯೊಳಗಿನ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ಎಂಬ ರಸ ಚಿಕ್ಕ ಮಕ್ಕಳಲ್ಲಿ ಸ್ರವಿಸುವುದಕ್ಕಿಂತ ತಡವಾಗಿ ಸ್ರವಿಸತೊಡಗುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡಾನ್ ಈ ಸಂಗತಿಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ರಾತ್ರಿ ಹತ್ತಕ್ಕೆ ಮಲಗು ಎಂದರೆ ಹದಿನಾರರ ಹುಡುಗನಿಗೆ ನಿದ್ದೆ ಹತ್ತುವುದಿಲ್ಲ, ಬೆಳಗ್ಗೆ ಐದಕ್ಕೆ ಏಳು ಎಂದರೆ ಕಣ್ಣು ಬಿಡಲಾಗುವುದಿಲ್ಲ. ಈ ವಯಸ್ಸಿಗೆ ದಿನಕ್ಕೆ ಎಂಟರಿಂದ ಹತ್ತು ತಾಸು ನಿದ್ದೆ ಬೇಕು. ಶಾಲೆಗಳು ಎಂಟೂವರೆಗಿಂತ ಮೊದಲು ಶುರುವಾಗಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಸಲಹೆ ಕೊಟ್ಟಿತು.

ನಮ್ಮಲ್ಲಿ ಟ್ಯೂಷನ್ ಶುರುವಾಗುವುದು ಬೆಳಗಿನ ಆರಕ್ಕೆ. ಕುಂದಗೋಳದಿಂದಲೋ ಕಲಘಟಗಿಯಿಂದಲೋ ಬರುವ ಹುಡುಗಿ ನಾಲ್ಕೂವರೆಗೆ ಏಳಬೇಕು. ಮುಖ ತೊಳೆದು, ಡಬ್ಬಿ ಕಟ್ಟಿಕೊಂಡು, ಮೊದಲ ಬಸ್ಸು ಹಿಡಿದು ಬಂದು, ಟ್ಯೂಷನ್ ಮುಗಿಸಿ, ಕಾಲೇಜಿಗೆ ಹೋಗಿ, ಸಂಜೆ ಮತ್ತೊಂದು ಟ್ಯೂಷನ್ ಮುಗಿಸಿ ಮನೆ ಮುಟ್ಟುವಾಗ ರಾತ್ರಿ ಎಂಟು. ಊಟವಾಗಿ ಪುಸ್ತಕ ತೆಗೆದರೆ ಹನ್ನೊಂದು. ಭಾನುವಾರ ಅವಳು ಒಂಬತ್ತರ ತನಕ ಮಲಗಿದರೆ ಮನೆಗೆ ಬಂದ ದೊಡ್ಡಪ್ಪ "ಎಷ್ಟೊತ್ತು ಮಲಗತೀ ವಾ" ಎನ್ನುತ್ತಾರೆ. ವಾರವಿಡೀ ಕಳೆದುಕೊಂಡ ನಿದ್ದೆಯ ಸಾಲವನ್ನು ಆ ಮಗು ಒಂದು ಮುಂಜಾನೆ ತೀರಿಸುತ್ತಿದೆ ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ವೇಳಾಪಟ್ಟಿ ಮಾಡಿದವರು ನಾವು, ಸೋಮಾರಿ ಎನ್ನಿಸಿಕೊಳ್ಳುವವಳು ಅವಳು.

ಇನ್ನು ಮೊಬೈಲು. ಕಿಮ್ಸ್‌ನ ಹೊರರೋಗಿ ವಿಭಾಗಕ್ಕೆ ಹೋದವರಿಗೆ ಗೊತ್ತು, ಅಲ್ಲಿಗೆ ಗದಗ, ಹಾವೇರಿ, ಕೊಪ್ಪಳದ ಕಡೆಯಿಂದಲೂ ಜನ ಬರುತ್ತಾರೆ. ಅಲ್ಲಿ ಒಮ್ಮೆ ನನ್ನ ಪಕ್ಕದ ಬೆಂಚಿನಲ್ಲಿ ಹದಿನಾರೋ ಹದಿನೇಳೋ ವರ್ಷದ ಒಬ್ಬ ಹುಡುಗ ಕುಳಿತಿದ್ದ. ತಲೆಯ ಎರಡೂ ಬದಿ ಬೋಳಿಸಿ ನೆತ್ತಿಯ ಮೇಲಷ್ಟೇ ಕೂದಲು ಬಿಟ್ಟು ಅದಕ್ಕೆ ಕೆಂಪು ಬಣ್ಣ ಹಾಕಿಸಿದ್ದ. ಒಂದು ಕಿವಿಯಲ್ಲಿ ಹರಳು. ಕೈಯಲ್ಲಿ ಮೊಬೈಲು, ತಲೆ ಬಗ್ಗಿಸಿದವನು ಎತ್ತಲೇ ಇಲ್ಲ. ನನ್ನ ಇನ್ನೊಂದು ಬದಿಗಿದ್ದ ಹಿರಿಯರು ನನ್ನತ್ತ ನೋಡಿ, "ಅಪ್ಪಗ ಆರಾಮಿಲ್ಲ, ಮಗಾ ನೋಡ್ರಿ" ಎಂದರು. ಪಕ್ಕದಲ್ಲಿ ಅವನ ಅಪ್ಪ ಟವೆಲ್ಲು ಹೊದ್ದು ಒರಗಿದ್ದರು.

ಹುಡುಗ ಎದ್ದು ಔಷಧದ ಚೀಟಿ ಹಿಡಿದು ನರ್ಸಮ್ಮನ ಹತ್ತಿರ ಹೋದ. "ಅಕ್ಕಾರ, ಈ ಗುಳಿಗಿ ಉಣ್ಣೂಕಿಂತ ಮದಲೋ, ಉಂಡ ಮ್ಯಾಲೋ?" ಅವರು ಹೇಳಿದ್ದನ್ನು ಮೊಬೈಲಿನಲ್ಲಿ ಬರೆದುಕೊಂಡ. ವಾಪಸು ಬಂದು ಒಂದೊಂದು ಗುಳಿಗೆಗೆ ಒಂದೊಂದು ಅಲಾರಂ ಇಟ್ಟ, ಅಲಾರಮ್ಮಿಗೆ ಗುಳಿಗೆಯ ಹೆಸರನ್ನೇ ಕೊಟ್ಟ. ಆಮೇಲೆ ಕಿಸೆಯಿಂದ ಬಾಲ್‌ಪೆನ್ನು ತೆಗೆದು ಗುಳಿಗೆಯ ಹಾಳೆಗಳ ಹಿಂದೆ ಏನೋ ಗೀಚತೊಡಗಿದ. ಬಗ್ಗಿ ನೋಡಿದೆ. ಮುಂಜಾನೆಯ ಗುಳಿಗೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ, ಎರಡೂ ಹೊತ್ತಿನದಕ್ಕೆ ಎರಡೂ ಚಿತ್ರ. ಯಾಕಪ್ಪ ತಮ್ಮಾ ಎಂದು ಕೇಳಿದೆ. "ನಾ ಕಾಲೇಜಿಗೆ ಹೋದಾಗ ಅವ್ವನ ಕೊಡಬೇಕ್ರಿ. ಅಕಿಗಿ ಓದಾಕ ಬರೂದಿಲ್ರಿ" ಎಂದ. ಚೀಟಿ ಮಾಡಿಸಿದ್ದು, ಎಕ್ಸರೇಗೆ ಸರದಿ ಹಚ್ಚಿದ್ದು, ಸರ್ಕಾರದ ಕಾರ್ಡಿನ ಕಾಗದ ತುಂಬಿದ್ದು ಎಲ್ಲ ಅವನೇ. ಅವತ್ತು ಅವನ ಹಾಜರಿ ಹೋಯಿತು. ಕಾಲೇಜಿನ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರು ಎಂದು ಬಿದ್ದಿರುತ್ತದೆ.

ಇಂಥ ಮಕ್ಕಳು ಅಪರೂಪವಲ್ಲ. ಓದು ಬರಹವಿಲ್ಲದ ಮನೆಗಳಲ್ಲಿ ಬ್ಯಾಂಕಿನ ಚಲನ್, ಕರೆಂಟಿನ ಬಿಲ್ಲು, ಬೆಳೆವಿಮೆಯ ಅರ್ಜಿ, ಆಧಾರಿನ ತಿದ್ದುಪಡಿ ಎಲ್ಲವೂ ಹತ್ತನೆಯ ತರಗತಿಯ ಮಗನ, ಪಿಯುಸಿ ಮಗಳ ಕೈಯಲ್ಲೇ ನಡೆಯುತ್ತವೆ. ಈ ಕೆಲಸ ಎಲ್ಲೂ ದಾಖಲಾಗುವುದಿಲ್ಲ. ಪತ್ರಿಕೆಯ ಪುಟದಲ್ಲಿ ಹದಿಹರೆಯದವರು ಕಾಣಿಸಿಕೊಳ್ಳುವುದು ಎರಡೇ ಸಂದರ್ಭದಲ್ಲಿ: ಅಪರಾಧ ನಡೆದಾಗ, ಇಲ್ಲವೆ ರ‍್ಯಾಂಕು ಬಂದಾಗ. ನಡುವೆ ಇರುವ ಲಕ್ಷಾಂತರ ಮಕ್ಕಳ ಫೋಟೊ ಎಲ್ಲೂ ಬರುವುದಿಲ್ಲ. ನಮ್ಮ ಅಭಿಪ್ರಾಯಗಳು ಕಟ್ಟಿಕೊಳ್ಳುವುದು ಮಾತ್ರ ಆ ಎರಡು ಫೋಟೊಗಳಿಂದ.

ಅಪರಾಧದ ವಿಷಯವನ್ನು ತೇಲಿಸಿ ಬಿಡಲು ನನಗೆ ಮನಸ್ಸಿಲ್ಲ. 2025ರ ಮೇ ತಿಂಗಳಲ್ಲಿ ನಮ್ಮದೇ ಹುಬ್ಬಳ್ಳಿಯ ಒಂದು ಬಡಾವಣೆಯಲ್ಲಿ ಹುಡುಗರ ಸಣ್ಣ ಜಗಳ ಒಂದು ಜೀವವನ್ನು ತೆಗೆದುಕೊಂಡಿತು. ಚಾಕು ಹಾಕಿದ ಆರೋಪ ಬಂದದ್ದು ಆರನೆಯ ತರಗತಿಯ ಹುಡುಗನ ಮೇಲೆ ಎಂದು ಓದಿದಾಗ ಊರಿಗೆ ಊರೇ ದಂಗಾಯಿತು. ಆ ತಾಯಿತಂದೆಯರ ಸಂಕಟ ನೆನೆದರೆ ಈಗಲೂ ಮಾತು ಹೊರಡುವುದಿಲ್ಲ. ಆದರೆ ಆ ವಾರ ಓಣಿ ಓಣಿಗಳಲ್ಲಿ ಕೇಳಿಬಂದ ಮಾತು ಒಂದು ಮಗುವಿನ ಬಗ್ಗೆ ಇರಲಿಲ್ಲ, ಒಂದು ಇಡೀ ತಲೆಮಾರಿನ ಬಗ್ಗೆ ಇತ್ತು.

ಆ ಮಾತನ್ನು ಅಂಕಿಗಳ ಮುಂದೆ ಇಟ್ಟು ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರತಿ ವರ್ಷ ವರದಿ ತರುತ್ತದೆ. ಹದಿನೆಂಟು ತುಂಬದವರ ಮೇಲೆ ದೇಶದಲ್ಲಿ ದಾಖಲಾದ ಪ್ರಕರಣಗಳು 2016ರಲ್ಲಿ 35,849 ಇದ್ದವು. 2022ರ ಹೊತ್ತಿಗೆ ಅವು 30,555ಕ್ಕೆ ಇಳಿದವು. 2023ರಲ್ಲಿ ತುಸು ಏರಿ 31 ಸಾವಿರ ದಾಟಿದವು, 2016ರ ಮಟ್ಟವನ್ನು ಮುಟ್ಟಲಿಲ್ಲ. 2022ರ ಲೆಕ್ಕದಲ್ಲಿ ಒಂದು ಲಕ್ಷ ಮಕ್ಕಳಿಗೆ ಏಳು ಪ್ರಕರಣವೂ ಇಲ್ಲ. ಅದೇ ವರ್ಷಗಳಲ್ಲಿ ಮೊಬೈಲು ಮನೆ ಮನೆಗೆ ಬಂತು, ಡೇಟಾ ಅಗ್ಗವಾಯಿತು, ಮಕ್ಕಳು ಕೆಟ್ಟರು ಎಂಬ ಕೂಗು ಮಾತ್ರ ಏರುತ್ತಲೇ ಹೋಯಿತು. ಒಂದೇ ಒಂದು ಪ್ರಕರಣವೂ ಹೆಚ್ಚೇ, ಒಪ್ಪುತ್ತೇನೆ. ಅದಕ್ಕಾಗಿ ಉಳಿದ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತಮೂರು ಮಕ್ಕಳನ್ನು ಸಂಶಯದಿಂದ ನೋಡುವುದು ನ್ಯಾಯವೆ?

ಬೈಕಿನ ಮಾತು ಬಂದಾಗಲೂ ಹೀಗೆಯೇ. ಉಣಕಲ್ ಕೆರೆಯ ಕಡೆಯ ರಸ್ತೆಯಲ್ಲಿ ಲೈಸೆನ್ಸ್ ಇಲ್ಲದ ಹುಡುಗ ಗಾಡಿ ಹಾರಿಸಿಕೊಂಡು ಹೋದರೆ ನಾವು ಬೈಯುವುದು ಅವನನ್ನು. ಗಾಡಿಯ ಕೀಲಿ ಅವನ ಕೈಗೆ ಬಂದದ್ದು ಯಾರಿಂದ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಆ ಪ್ರಶ್ನೆ ಕೇಳಿತು. ಹದಿನೆಂಟು ತುಂಬದವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಕಾಯ್ದೆಗೆ ಕಂಡದ್ದು ನಮ್ಮ ಕಣ್ಣಿಗೂ ಕಾಣಬೇಕಿತ್ತು.

ಹುಡುಗರು ಒಬ್ಬರೇ ಇದ್ದಾಗ ಒಂದು ಬಗೆ, ಗೆಳೆಯರ ಗುಂಪಿನಲ್ಲಿ ಇನ್ನೊಂದು ಬಗೆ ಎಂಬುದು ನಿಜ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ಇದನ್ನು ತೋರಿಸಿದರು. ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು, ದೊಡ್ಡವರ ಮೇಲೆ ಗೆಳೆಯರ ಇರವು ಹಾಗೆ ಪರಿಣಾಮ ಮಾಡಲಿಲ್ಲ. ಈ ಗುಂಪಿನ ಬಲ ಕೆಟ್ಟದ್ದಕ್ಕಷ್ಟೇ ಎಂದು ಮಾತ್ರ ತಿಳಿಯಬೇಡಿ. ಕೊರೊನಾ ಕಾಲದ ಎಸ್ಸೆಸ್ಸೆಲ್ಸಿ ಪರೀಕ್ಷೆ ನೆನಪಿಸಿಕೊಳ್ಳಿ. 2020ರ ಜೂನ್ 25ರಂದು ಅದು ಶುರುವಾದಾಗ ರಾಜ್ಯದ ಹಿರಿಯರೆಲ್ಲ ಹೌಹಾರಿದ್ದರು. ಮಕ್ಕಳು ಮಾಸ್ಕ್ ಹಾಕುತ್ತಾರೆಯೇ, ಅಂತರ ಕಾಯುತ್ತಾರೆಯೇ, ಪರೀಕ್ಷೆ ಬಿಟ್ಟ ಕೂಡಲೇ ಗುಂಪು ಕಟ್ಟುತ್ತಾರೆಯೇ ಎಂಬ ಚಿಂತೆ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದ್ದ ಆ ಪರೀಕ್ಷೆಯಲ್ಲಿ ಮಕ್ಕಳು ಸಾಲಾಗಿ ನಿಂತರು, ಕೈಗೆ ಸ್ಯಾನಿಟೈಸರ್ ಹಾಕಿಸಿಕೊಂಡರು, ಮೂರು ತಾಸು ಮಾಸ್ಕ್ ಕಟ್ಟಿ ಉತ್ತರ ಬರೆದರು. ಅದೇ ದಿನಗಳಲ್ಲಿ ಸಂತೆ, ಮದುವೆಗಳಲ್ಲಿ ದೊಡ್ಡವರು ಎಷ್ಟು ಅಂತರ ಕಾಯ್ದರೆಂಬುದನ್ನು ನಾವೇ ಕಂಡಿದ್ದೇವೆ.

ಈಗಿನವರಿಗಿಂತ ಹಿಂದಿನ ಹುಡುಗರು ಚೆನ್ನಾಗಿದ್ದರು ಎನ್ನುವವರಿಗೆ ನಮ್ಮ ಸೀಮೆಯ ಒಂದು ಕತೆ ನೆನಪಿಸುತ್ತೇನೆ. ಗದಗಿನಲ್ಲಿ ಒಬ್ಬ ಶಾಲಾ ಮಾಸ್ತರರ ಮಗನಿದ್ದ. ಬ್ಯಾಂಡಿನವರು, ಭಜನೆಯವರು ಹೊರಟರೆ ಸಾಕು, ಅವರ ಬೆನ್ನು ಹತ್ತಿ ಎಲ್ಲೆಲ್ಲೋ ಹೋಗಿಬಿಡುತ್ತಿದ್ದ. ಹುಡುಕಿ ಹುಡುಕಿ ಬೇಸತ್ತ ತಂದೆ ಇವನು ಜೋಶಿ ಮಾಸ್ತರರ ಮಗ ಎಂದು ಅವನ ಅಂಗಿಯ ಮೇಲೆಯೇ ಬರೆದಿದ್ದರೆಂದು ಹೇಳುತ್ತಾರೆ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಆ ಹುಡುಗ ಮನೆ ಬಿಟ್ಟು ಓಡಿಹೋದ. ಟಿಕೆಟ್ಟಿಲ್ಲದೆ ರೈಲು ಹತ್ತಿದ, ಹಾಡಿ ಹೊಟ್ಟೆ ಹೊರೆದ, ಪುಣೆ, ಗ್ವಾಲಿಯರ್, ಕಲಕತ್ತೆ ಎಂದು ಅಲೆದ. ಕೊನೆಗೆ ತಂದೆ ಅವನನ್ನು ಪತ್ತೆ ಮಾಡಿದ್ದು ಜಲಂಧರದಲ್ಲಿ. ಇವತ್ತು ವಿದ್ಯಾನಗರದ ಒಂದು ಮನೆಯಲ್ಲಿ ಹೀಗಾದರೆ ಆ ಮಗನಿಗೆ ನಾವು ಯಾವ ಬಿರುದು ಕೊಡುತ್ತೇವೆ, ಆ ತಂದೆಗೆ ಏನೆಂದು ಬುದ್ಧಿ ಹೇಳುತ್ತೇವೆ?

ಗುರುರಾಜ ಜೋಶಿಯವರು ಮಗನನ್ನು ಮನೆಗೆ ಕರೆತಂದರು. ಅವನಿಗೆ ಬೇಕಾಗಿದ್ದ ಸಂಗೀತದ ಗುರು ಇಲ್ಲೇ, ನಮ್ಮ ಹುಬ್ಬಳ್ಳಿಯ ಮಗ್ಗುಲಿಗೆ ಕುಂದಗೋಳದಲ್ಲಿದ್ದರು. 1936ರಲ್ಲಿ ಸವಾಯಿ ಗಂಧರ್ವರು ಅವನನ್ನು ಶಿಷ್ಯನಾಗಿ ತೆಗೆದುಕೊಂಡರು. ಹುಬ್ಬಳ್ಳಿಯಿಂದ ರೈಲು ಹತ್ತಿ ಅದೇ ಮನೆಗೆ ಕಲಿಯಲು ಹೋಗುತ್ತಿದ್ದವರು ಗಂಗೂಬಾಯಿ ಹಾನಗಲ್. ಅವರೂ ಹನ್ನೊಂದರ ವಯಸ್ಸಿಗೇ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಹಾಡಿದ್ದರು. ಓಡಿಹೋದ ಹುಡುಗ ಭೀಮಸೇನ ಜೋಶಿಯಾಗಿ 2008ರಲ್ಲಿ ಭಾರತರತ್ನ ಪಡೆದದ್ದು ಎಲ್ಲರಿಗೂ ಗೊತ್ತು. ಮನೆ ಬಿಟ್ಟವರೆಲ್ಲ ಭೀಮಸೇನರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನನ್ನ ಮನಸ್ಸು ನಿಲ್ಲುವುದು ಆ ತಂದೆಯ ಮೇಲೆ. ಮುಂದೆ ಭಾರತರತ್ನ ಬರುತ್ತದೆಂದು ಜಲಂಧರದಲ್ಲಿ ಅವರಿಗೇನು ಗೊತ್ತಿತ್ತು? ಮಗ ಏತಕ್ಕಾಗಿ ಓಡಿದ ಎಂಬುದನ್ನು ಅವರು ಅರಿತರು, ಅದನ್ನು ಮನೆಯ ಹತ್ತಿರವೇ ಒದಗಿಸಿದರು.

ಮಕ್ಕಳು ಹಿಂದಿಗಿಂತ ಕೆಟ್ಟಿದ್ದಾರೆ ಎಂಬ ಭಾವನೆ ಯಾಕೆ ಪ್ರತಿ ತಲೆಮಾರಿಗೂ ಬರುತ್ತದೆ? ಜಾನ್ ಪ್ರೊಟ್ಸ್ಕೊ ಮತ್ತು ಜೊನಾಥನ್ ಸ್ಕೂಲರ್ ಎಂಬ ಮನಶ್ಶಾಸ್ತ್ರಜ್ಞರು 2019ರಲ್ಲಿ ಅಮೆರಿಕದ ವಯಸ್ಕರನ್ನು ಕೇಳಿ ಒಂದು ಸಂಗತಿ ಕಂಡುಕೊಂಡರು. ಹೆಚ್ಚು ಓದಿಕೊಂಡವರು ಈಗಿನ ಮಕ್ಕಳಿಗೆ ಓದು ಬೇಡವೆಂದು ನಂಬುತ್ತಾರೆ. ಹಿರಿಯರ ಮಾತಿಗೆ ಬೆಲೆ ಕೊಡುವವರು ಈಗಿನ ಮಕ್ಕಳಿಗೆ ಗೌರವವಿಲ್ಲವೆಂದು ನಂಬುತ್ತಾರೆ. ಇವತ್ತಿನ ತಮ್ಮನ್ನು ಹಿಂದಕ್ಕೆ ಒಯ್ದು, ಹದಿನಾರರಲ್ಲಿಯೂ ತಾವೆಲ್ಲ ಹೀಗೇ ಇದ್ದೆವು ಎಂದು ಅವರು ನೆನೆಯುತ್ತಾರೆ. ಇದನ್ನು ಓದಿದಾಗ ನಮ್ಮ ಸ್ಟಾಫ್ ರೂಮಿನ ಸಂಭಾಷಣೆಗಳೆಲ್ಲ ನನಗೆ ಒಮ್ಮೆಲೇ ಅರ್ಥವಾದವು. ಹುಡುಗರು ಪುಸ್ತಕ ಮುಟ್ಟುವುದಿಲ್ಲ ಎಂದು ಎಲ್ಲರಿಗಿಂತ ಜೋರಾಗಿ ನೊಂದುಕೊಳ್ಳುತ್ತಿದ್ದವರು ಗ್ರಂಥಾಲಯದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿದ್ದ ಮಾಸ್ತರರೇ ಆಗಿರುತ್ತಿದ್ದರು. ಅವರ ನೋವು ಪ್ರಾಮಾಣಿಕವಾಗಿತ್ತು. ಅವರ ಜೊತೆ ಕಲಿತವರಲ್ಲಿ ಎಷ್ಟು ಜನ ಪುಸ್ತಕ ಮುಟ್ಟುತ್ತಿದ್ದರು ಎಂಬ ಲೆಕ್ಕ ಮಾತ್ರ ಅವರ ನೆನಪಿನಲ್ಲಿ ಉಳಿದಿರಲಿಲ್ಲ.

ಹೋಗಲಿ, ಹಿರಿಯರು ಗೊಣಗುತ್ತಾರೆ, ಅದರಿಂದ ಏನು ಕೆಟ್ಟಿತು ಎನ್ನಬಹುದು. ಕೆಡುತ್ತದೆ. ಕ್ರಿಸ್ಟಿ ಬುಕಾನನ್ ಎಂಬ ಸಂಶೋಧಕಿ ಮತ್ತು ಅವರ ಸಹೋದ್ಯೋಗಿ ತಾಯಂದಿರನ್ನೂ ಹದಿಹರೆಯದ ಹೊಸ್ತಿಲಲ್ಲಿದ್ದ ಅವರ ಮಕ್ಕಳನ್ನೂ ಕೇಳಿ, 2009ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಈ ವಯಸ್ಸಿನಲ್ಲಿ ಮಗು ತಿರುಗಿ ಬೀಳುತ್ತದೆ, ಹಾದಿ ತಪ್ಪುತ್ತದೆ ಎಂಬ ನಿರೀಕ್ಷೆ ಹೆಚ್ಚಿದ್ದಲ್ಲಿ ಒಂದು ವರ್ಷದ ನಂತರ ಅಂಥ ನಡತೆಯೂ ಹೆಚ್ಚು ಕಂಡಿತು. ತರಗತಿಯಲ್ಲಿ ನಾನು ಕಂಡದ್ದೂ ಇದನ್ನೇ. ಹಿಂದಿನ ಬೆಂಚಿನವನು ಎಂದು ಒಮ್ಮೆ ಹೆಸರು ಬಿದ್ದ ಹುಡುಗ ಮುಂದಿನ ಎರಡು ವರ್ಷ ಆ ಹೆಸರಿಗೆ ತಕ್ಕಂತೆ ನಡೆಯುವುದನ್ನು ನೋಡಿದ್ದೇನೆ. ಅದೇ ಹುಡುಗನ ಕೈಗೆ ಗ್ಯಾದರಿಂಗಿನ ಹಣದ ಲೆಕ್ಕ ಕೊಟ್ಟಾಗ ಹತ್ತು ರೂಪಾಯಿಯೂ ಆಚೀಚೆ ಆಗದ ಹಾಗೆ ತಂದೊಪ್ಪಿಸಿದ್ದನ್ನೂ ನೋಡಿದ್ದೇನೆ.

ಇನ್ನೊಂದು ಕೇಡು ಇದಕ್ಕಿಂತ ದೊಡ್ಡದು. ಸೊಕ್ಕು, ಉಡಾಫೆ ಎಂದು ನಾವು ಹಣೆಪಟ್ಟಿ ಹಚ್ಚಿಬಿಟ್ಟರೆ ಒಳಗಿನ ಹೆದರಿಕೆ ನಮಗೆ ಕಾಣುವುದಿಲ್ಲ. 2022ರ ಒಂದೇ ವರ್ಷ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಇದೂ ಅದೇ ಬ್ಯೂರೊದ ಅಂಕಿ. ಮಾತಿಗೆ ಮಾತು ಬೆಳೆಸುವ ಮಗುವಿನ ಬಗ್ಗೆ ನಾವು ಎಲ್ಲರ ಮುಂದೆ ದೂರುತ್ತೇವೆ, ಮಾತೇ ನಿಲ್ಲಿಸಿದ ಮಗುವನ್ನು ಒಳ್ಳೆಯ ಮಗು ಎನ್ನುತ್ತೇವೆ. ನನ್ನ ಅನುಭವದಲ್ಲಿ ಹೆಚ್ಚು ಎಚ್ಚರ ಬೇಕಾಗಿದ್ದು ಎರಡನೆಯ ಮಗುವಿಗೆ. ಊಟ ಬಿಟ್ಟರೆ, ಗೆಳೆಯರನ್ನು ಬಿಟ್ಟರೆ, ತಾನು ಇದ್ದರೂ ಅಷ್ಟೆ ಇಲ್ಲದಿದ್ದರೂ ಅಷ್ಟೆ ಎಂಬ ಮಾತು ಆಡಿದರೆ ಬೈಯದೆ ಹತ್ತಿರ ಕುಳಿತು ಕೇಳಿ. ಟೆಲಿಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರಿಂದ ನಡೆಯುತ್ತಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡು ಬೀಳುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಬರೆದಿಟ್ಟುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ಮಕ್ಕಳಿಗೆ ಜವಾಬ್ದಾರಿ ಇಲ್ಲ ಎನ್ನುತ್ತೇವೆ. ಕೊಟ್ಟು ನೋಡಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. 1990ರಲ್ಲಿ ದುಡಿಯುವ ಮಕ್ಕಳು ತಮ್ಮದೇ ಭೀಮ ಸಂಘ ಕಟ್ಟಿಕೊಂಡರು. 1995ರ ಹೊತ್ತಿಗೆ ಕುಂದಾಪುರದ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿಗಳು ಶುರುವಾದವು. ಮತ ಹಾಕಿ ತಮ್ಮ ಸದಸ್ಯರನ್ನು ಆರಿಸಿದ ಆ ಮಕ್ಕಳು ತಮ್ಮ ಊರಿನ ಕುಂದುಕೊರತೆಗಳನ್ನು ತಾವೇ ಸಮೀಕ್ಷೆ ಮಾಡಿ ಹಿರಿಯರ ಪಂಚಾಯತಿಯ ಮುಂದೆ ಇಟ್ಟರು. ಮಳೆಗಾಲದಲ್ಲಿ ಶಾಲೆಗೆ ಹೋಗುವಾಗ ದಾಟಬೇಕಾದ ಕಾಲುಸಂಕದ ಅಪಾಯ ದಿನಾ ಅದನ್ನು ದಾಟುವ ಮಗುವಿಗೆ ಗೊತ್ತಿರುವಷ್ಟು ಯಾವ ಇಂಜಿನಿಯರಿಗೆ ಗೊತ್ತಿರುತ್ತದೆ? ಮುಂದೆ ರಾಜ್ಯ ಸರ್ಕಾರವೇ ಗ್ರಾಮ ಪಂಚಾಯತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶ ಹೊರಡಿಸಿತು. ಕೆಲವು ಕಡೆ ಅದು ಚಾಕೊಲೇಟು ಹಂಚಿ ಮುಗಿಸುವ ಶಾಸ್ತ್ರವಾಗಿದೆ, ಕೆಲವು ಕಡೆ ಮಕ್ಕಳ ಪ್ರಶ್ನೆಗೆ ಅಧಿಕಾರಿಗಳು ಎದ್ದು ನಿಂತು ಉತ್ತರ ಹೇಳಬೇಕಾಗಿದೆ.

ಶಹರದ ಮಕ್ಕಳಿಗೂ ಇಂಥ ಸಭೆ ಬೇಕು. ಹುಬ್ಬಳ್ಳಿ-ಧಾರವಾಡದ ವಾರ್ಡು ವಾರ್ಡಿನಲ್ಲೂ ಅದನ್ನು ನಡೆಸಬಹುದು. ಇಷ್ಟು ಶಾಲೆ ಕಾಲೇಜುಗಳನ್ನು ಮಡಿಲಲ್ಲಿ ಇಟ್ಟುಕೊಂಡ ವಿದ್ಯಾನಗರದಿಂದಲೇ ಶುರು ಮಾಡಬಹುದು. ವರ್ಷಕ್ಕೆ ಎರಡು ಸಲ ಪಿಯು ಕಾಲೇಜಿನ, ಹೈಸ್ಕೂಲಿನ ಮಕ್ಕಳು ಒಂದು ಸಭಾಂಗಣದಲ್ಲಿ ಸೇರಲಿ. ಪಾಲಿಕೆಯ ಸದಸ್ಯರು, ಪೊಲೀಸರು, ಸಾರಿಗೆಯವರು, ಟ್ಯೂಷನ್ ನಡೆಸುವವರು, ನಾವು ಪಾಲಕರು ಕೆಳಗೆ ಕುಳಿತು ಕೇಳೋಣ. ಅಲ್ಲಿ ಏನು ಬರಬಹುದೆಂದು ಪರಿಚಯದ ಹುಡುಗಿಯರನ್ನು ಕೇಳಿದೆ. ರಾತ್ರಿ ಟ್ಯೂಷನ್ ಬಿಟ್ಟಾಗ ಒಳರಸ್ತೆಗಳಲ್ಲಿ ದೀಪ ಉರಿಯಬೇಕು ಎಂದಳು ಒಬ್ಬಳು. ಆಡಲಿಕ್ಕೆ ಹುಡುಗಿಯರಿಗೂ ಮೈದಾನದಲ್ಲಿ ಒಂದು ಹೊತ್ತು ಗೊತ್ತುಪಡಿಸಬೇಕು ಎಂದಳು ಇನ್ನೊಬ್ಬಳು. ಮೂರನೆಯವಳು ಸ್ವಲ್ಪ ಅಂಜುತ್ತ, "ಟೀಚರ್, ಮುಂಜಾನಿ ಬ್ಯಾಚ್ ಏಳಕ್ಕ ಮಾಡಂತ ಹೇಳಬಹುದೇನ್ರಿ?" ಎಂದಳು.

ಹೇಳಬಹುದು ಎಂದೆ. ಸಭೆಯ ನಡಾವಳಿ ಬರೆಯುವ ಕೆಲಸವನ್ನೂ ಅವರಿಗೇ ಬಿಡೋಣ.